ಒಂದು ಹೊದಿಕೆ, ಏಳು ಕೈ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನಮ್ಮ ಚರ್ಚಿನ ಸೇವಾ ಕಾರ್ಯಕ್ರಮದ ಫೋಟೊ ಬಂದಿತ್ತು. ನೀವು ಮರೆತಿರುತ್ತೀರಿ, ಇಂಥವು ನಿಮಗೆ ದಿನಾ ಎಷ್ಟೋ ಬರುತ್ತವೆ. ಒಬ್ಬ ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ. ಮಡಿಲ ಮೇಲೊಂದು ಹೊದಿಕೆ. ಆ ಒಂದು ಹೊದಿಕೆಯನ್ನು ಏಳು ಕೈಗಳು ಹಿಡಿದಿವೆ. ಕೊಡುತ್ತಿದ್ದಾರೋ ಕಿತ್ತುಕೊಳ್ಳುತ್ತಿದ್ದಾರೋ ಹೇಳುವ ಹಾಗಿಲ್ಲ. ಹಿಡಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ, ಅಜ್ಜಿ ಮಾತ್ರ ಹೊದಿಕೆ ನೋಡುತ್ತಿದ್ದಾರೆ. ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮುಖ್ಯ ಅತಿಥಿ ಅಂತ ಎಲ್ಲರ ಹೆಸರೂ ಹುದ್ದೆ ಸಮೇತ ಇದೆ. ಅಜ್ಜಿಗೆ ಹೆಸರಿಲ್ಲ. ‘ಬಡ ವೃದ್ಧೆಯೊಬ್ಬರಿಗೆ’ ಅಂತಿದೆ, ಅಷ್ಟೇ.

ನಾನು ನಿವೃತ್ತ ನರ್ಸ್, ಅದೇ ಚರ್ಚಿನವಳು. ಹೆಸರು, ವಿಳಾಸ ಬೇರೆ ಕಾಗದದಲ್ಲಿ ಬರೆದಿಟ್ಟಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಇದು ವಿನಯಕ್ಕೆ ಹೇಳುತ್ತಿರುವ ಮಾತಲ್ಲ. ನಾನು ಯಾರು ಅಂತ ಗೊತ್ತಾದರೆ ಚರ್ಚು ಯಾವುದು ಅಂತ ಗೊತ್ತಾಗುತ್ತದೆ, ಆಮೇಲೆ ಆ ಅಜ್ಜಿ ಯಾರು ಅಂತ ಹುಡುಕುವುದು ಯಾರಿಗೂ ಕಷ್ಟವಲ್ಲ. ಅವರಿಗೆ ಆಗಿರುವುದೇ ಸಾಕು.

ಆ ಅಜ್ಜಿಯ ಮನೆಗೆ ನಾನು ಆಗಾಗ ಹೋಗುತ್ತೇನೆ, ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು. ಪತ್ರಿಕೆ ಬಂದ ಮಾರನೇ ದಿನವೂ ಹೋಗಿದ್ದೆ. ಅವರು ಪತ್ರಿಕೆಯ ಆ ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಖುಷಿಗಿರಬೇಕು ಅಂದುಕೊಂಡೆ. ಅದಕ್ಕಲ್ಲ, ಅಕ್ಕಪಕ್ಕದವರು ಬಂದಾಗ ಕಣ್ಣಿಗೆ ಬೀಳದಿರಲಿ ಅಂತ. “ನನ್ನ ಮಗ ಪೇಪರ್ ಓದ್ತಾನಲ್ಲ ನರ್ಸಮ್ಮ” ಅಂದರು. ಮಗ ದೂರದಲ್ಲಿದ್ದಾನೆ, ಅವನ ಕಷ್ಟ ಅವನಿಗೆ. ತಾಯಿ ಚೆನ್ನಾಗಿದ್ದಾರೆ ಅಂತ ನಂಬಿಕೊಂಡಿದ್ದಾನೆ, ಇವರೇ ನಂಬಿಸಿದ್ದಾರೆ. “ಫೋಟೊ ಬೇಡ ಅಂತ ಹೇಳಬಹುದಿತ್ತಲ್ಲ?” ಅಂದೆ. ಅಜ್ಜಿ ನನ್ನನ್ನೇ ನೋಡಿದರು. “ಬೇಡ ಅಂದ್ರೆ ಹೊದಿಕೆನೂ ವಾಪಸ್ ತಗೊಂಡು ಹೋಗ್ತಿದ್ರೋ ಏನೋ!”

ಯಾರೂ ವಾಪಸ್ ತೆಗೆದುಕೊಂಡು ಹೋಗುತ್ತಿರಲಿಲ್ಲ. ಫೋಟೊದಲ್ಲಿರುವವರಲ್ಲಿ ಕೆಟ್ಟವರು ಒಬ್ಬರೂ ಇಲ್ಲ, ನನಗೆ ಎಲ್ಲರೂ ಗೊತ್ತು. ಆದರೆ ಕೈಚಾಚಿ ಕೂತವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಕೊಡುವವರು ಒಳ್ಳೆಯವರೋ ಅಲ್ಲವೋ ಎಂಬುದು ಅವರಿಗೆ ಆಮೇಲಿನ ವಿಷಯ. ಮೊದಲು ಹೆದರಿಕೆ.

ನಮ್ಮಲ್ಲಿ ನಮ್ರತೆಯ ಬಗ್ಗೆ ಉಪದೇಶ ನಡೆದಾಗಲೆಲ್ಲ ಮಾತು ಕೊಡುವವರ ಸುತ್ತಲೇ ಸುತ್ತುತ್ತದೆ. ಅವರು ಅಹಂಕಾರ ಬಿಡಬೇಕು, ಹೆಸರಿಗೆ ಆಸೆ ಪಡಬಾರದು, ಅವರ ಆತ್ಮಕ್ಕೆ ಒಳ್ಳೆಯದಾಗಬೇಕು. ಎಲ್ಲ ಸರಿ. ಆದರೆ ಇದರಲ್ಲಿ ತೆಗೆದುಕೊಳ್ಳುವವರು ಎಲ್ಲಿದ್ದಾರೆ? ಗುಟ್ಟಾಗಿ ಕೊಡು ಅಂತ ಯೇಸು ಹೇಳಿದ್ದು ಕೊಡುವವನ ಆತ್ಮಕ್ಕೆ ಮಾತ್ರ ಮದ್ದು ಅಂತ ನನಗೆ ಅನ್ನಿಸುವುದಿಲ್ಲ. ತೆಗೆದುಕೊಳ್ಳುವವರ ಮಾನ ಉಳಿಯಬೇಕು ಅಂತಲೂ ಇರಬೇಕು.

ಶುಭಸಂದೇಶ, ಅಂದರೆ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ, ತೆಗೆದು ನೋಡಿ. ಮಾರ್ಕನು ಬರೆದ 7ನೇ ಅಧ್ಯಾಯದಲ್ಲಿ ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಜನ ಕರೆತರುತ್ತಾರೆ. ಯೇಸು ಅವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು ಹೋಗಿ ಗುಣಪಡಿಸುತ್ತಾರೆ. ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಮುಂದಿನ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡ. ಅವನ ಕೈ ಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ. ಆ ಕೈ ಹಿಡಿದಿದ್ದನ್ನು ಗಮನಿಸಿ. ಯಾರಿಗಾದರೂ ಹಿಡಿದುಕೊಂಡು ಬಾ ಅಂತ ಹೇಳಬಹುದಿತ್ತು. ಕಣ್ಣು ಬಂದ ಮೇಲೆ ಅವನನ್ನು ನೇರ ಮನೆಗೆ ಕಳಿಸುತ್ತಾರೆ, ಊರೊಳಗೆ ಹೋಗಬೇಡ ಅಂತ. ಸತ್ತುಹೋಗಿದ್ದ ಯಾಯಿರನ ಮಗಳ ವಿಷಯದಲ್ಲೂ ಹಾಗೇ. ಹೊರಗೆ ಜನವೋ ಜನ. ಒಳಗೆ ಹುಡುಗಿಯ ಅಪ್ಪ, ಅಮ್ಮ, ಮೂವರು ಶಿಷ್ಯರು ಮಾತ್ರ. ಹುಡುಗಿ ಎದ್ದು ಓಡಾಡಿದ ಮೇಲೆ ಅವರು ಹೇಳಿದ್ದು ಎರಡೇ ಮಾತು: ಇದು ಯಾರಿಗೂ ತಿಳಿಯಬಾರದು, ಇವಳಿಗೆ ಏನಾದರೂ ತಿನ್ನಲು ಕೊಡಿ. ನರ್ಸ್ ಆಗಿದ್ದವಳಿಗೆ ಆ ಎರಡನೇ ಮಾತು ಬಹಳ ಇಷ್ಟ. ಸತ್ತವಳು ಎದ್ದಿದ್ದಾಳೆ, ಎಲ್ಲರೂ ಬಾಯಿ ಬಿಟ್ಟು ನಿಂತಿದ್ದಾರೆ, ಒಬ್ಬರಿಗಾದರೂ ಹುಡುಗಿ ಹಸಿದಿರಬಹುದು ಅಂತ ಹೊಳೆದಿದೆಯಲ್ಲ!

ಗುಂಪಿನ ಮಧ್ಯೆ ಗುಣಪಡಿಸಿದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಮೂರು ಕಡೆ ಆಸ್ಪತ್ರೆಯಲ್ಲಿ ನಾವು ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದ ಹಾಗೆ ಅವರು ಪರದೆ ಎಳೆದಿದ್ದಾರೆ.

ಈ ವಿಷಯವನ್ನು ನಮ್ಮ ಪಾಲನಾ ಪರಿಷತ್ತಿನ ಸಭೆಯಲ್ಲಿ ಎತ್ತಿದೆ. ಕಾರ್ಯದರ್ಶಿಗಳ ಬಳಿ ಉತ್ತರ ಸಿದ್ಧವಿತ್ತು. “ದೀಪ ಹಚ್ಚಿ ಕೊಳಗದ ಕೆಳಗೆ ಇಡಬಾರದು ಅಂತ ಯೇಸುವೇ ಹೇಳಿದ್ದಾರಲ್ಲ, ಮೇಡಂ?” ಹೇಳಿದ್ದಾರೆ. ಮತ್ತಾಯನ 5ನೇ ಅಧ್ಯಾಯ. ಧರ್ಮ ಮಾಡುವಾಗ ತುತ್ತೂರಿ ಊದಬೇಡ, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗದಿರಲಿ ಅಂದಿದ್ದು 6ನೇ ಅಧ್ಯಾಯ. ಒಂದೇ ಬೆಟ್ಟದ ಮೇಲೆ ಕೂತು, ಒಂದೇ ಪ್ರಬೋಧನೆಯಲ್ಲಿ ಹೇಳಿದ ಮಾತುಗಳಿವು. ಬೆಳಕಿನ ಮಾತನ್ನು ಕೊನೆಯ ತನಕ ಓದಬೇಕು. ಜನ ನಿಮ್ಮ ಒಳ್ಳೆಯ ಕೆಲಸ ನೋಡಿ ಸ್ವರ್ಗದಲ್ಲಿರುವ ತಂದೆಯನ್ನು ಕೊಂಡಾಡಲಿ ಅಂತಿದೆ. ಕಾರ್ಯದರ್ಶಿಯನ್ನು ಅಂತಿಲ್ಲ. ಇದನ್ನು ಸಭೆಯಲ್ಲಿ ಹೇಳಿಯೂಬಿಟ್ಟೆ. ನಗು ಬಂತು, ಆದರೆ ಅವರು ನಗಲಿಲ್ಲ.

ಅವರ ಇನ್ನೊಂದು ವಾದದಲ್ಲಿ ಹುರುಳಿದೆ. ಫೋಟೊ ಇಲ್ಲದಿದ್ದರೆ ದಾನ ಕೊಟ್ಟವರು ‘ನಮ್ಮ ಹಣ ಎಲ್ಲಿ ಹೋಯಿತು’ ಅಂತ ಕೇಳುತ್ತಾರೆ. ಕೇಳಲೇಬೇಕು! ಅದಕ್ಕೆ ಲೆಕ್ಕ ತೋರಿಸಿ. ಎಷ್ಟು ಬಂತು, ಎಷ್ಟು ಹೊದಿಕೆ ತಂದಿರಿ, ಎಷ್ಟು ಮನೆಗೆ ಕೊಟ್ಟಿರಿ, ಎಷ್ಟು ಉಳಿಯಿತು ಅಂತ ಚರ್ಚಿನ ಬೋರ್ಡಿಗೆ ಅಂಟಿಸಿ. ರಸೀದಿ ಕೊಡಿ, ಆಡಿಟ್ ಮಾಡಿಸಿ. ಗುಟ್ಟು ಅಂತ ಹೇಳಿದ್ದು ಕೊಟ್ಟವರ ಹೆಸರಿಗೆ, ತೆಗೆದುಕೊಂಡವರ ಮುಖಕ್ಕೆ. ಲೆಕ್ಕಕ್ಕಲ್ಲ. ನಮ್ಮಲ್ಲಿ ಎಷ್ಟೋ ಕಡೆ ಇದು ತಿರುಗಾಮುರುಗಾ ಆಗಿದೆ. ಬಡವರ ಮುಖ ಗೋಡೆ ಮೇಲೆ, ಲೆಕ್ಕ ಮಾತ್ರ ಬೀರುವಿನೊಳಗೆ.

ಬೇರೆ ರೀತಿ ಮಾಡಲು ಆಗುತ್ತದೆ. ಬಡವರ ಸೇವೆ ಮಾಡುವ ಸಂಘವಾದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರನ್ನು ನೋಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಶುರು ಮಾಡಿದವರಲ್ಲಿ ಮುಖ್ಯನಾದ ಫ್ರೆಡರಿಕ್ ಓಜನಾಮ್‌ಗೆ ಆಗಿನ್ನೂ 20 ವರ್ಷ, ಕಾಲೇಜು ಹುಡುಗ. ಬಡವರ ಕೇರಿ ಆ ಹುಡುಗರಿಗೆ ಗೊತ್ತೇ ಇರಲಿಲ್ಲ. ಯಾರ ಮನೆಗೆ ಹೋಗಬೇಕು, ಹೋದಾಗ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಟ್ಟವರು ಸಿಸ್ಟರ್ ರೊಸಾಲಿ ಎಂಬ ಕನ್ಯಾಸ್ತ್ರೀ. ಈ ಸಭೆಯವರು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ಯಾರ ಮನೆಗೆ ಹೋದರು ಅಂತ ಹೊರಗೆ ಬಾಯಿ ಬಿಡುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಅವರ ಗುಪ್ತ ಕಾಣಿಕೆ. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಕಟ್ಟಿ ಒಳಗೆ ಕೈ ಹಾಕುತ್ತಾರೆ, ಖಾಲಿ ಕೈ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಆ ತಿಂಗಳು ಕೈಯಲ್ಲಿ ಏನೂ ಇಲ್ಲದವರೂ ಖಾಲಿ ಮುಷ್ಟಿಯನ್ನೇ ಒಳಗೆ ಹಾಕಿ ತೆಗೆಯಬಹುದು. ಜಾಸ್ತಿ ಕೊಟ್ಟವರಿಗೆ ಹೆಮ್ಮೆ ಪಡಲು ಜಾಗವಿಲ್ಲ, ಕೊಡಲಾಗದವರಿಗೆ ನಾಚಿಕೆ ಪಡಲು ಕಾರಣವಿಲ್ಲ. ಚೀಲ ಎಣಿಸಿದ ಮೇಲೆ ಒಟ್ಟು ಮೊತ್ತ ಪುಸ್ತಕಕ್ಕೆ ಹೋಗುತ್ತದೆ. ಹೆಸರಿಲ್ಲ, ಲೆಕ್ಕ ಇದೆ. ನಾನು ಪರಿಷತ್ತಿನ ಸಭೆಯಲ್ಲಿ ಕೇಳಿದ್ದೂ ಇಷ್ಟನ್ನೇ.

ಈಗ ಪಾದ ತೊಳೆಯುವ ವಿಷಯ. ಅದರ ಫೋಟೊ ಕೂಡ ಪ್ರತಿವರ್ಷ ನಿಮ್ಮಲ್ಲಿ ಬರುತ್ತದೆ. ಈಸ್ಟರ್ ಹಿಂದಿನ ಪವಿತ್ರ ಗುರುವಾರದ ಸಂಜೆ ಚರ್ಚಿನ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಯೇಸು ಕಡೆಯ ಭೋಜನದಲ್ಲಿ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ಲೂಕನು ಬರೆದ ಪ್ರಕಾರ ಅದೇ ಊಟದ ಹೊತ್ತಿಗೇ ಶಿಷ್ಯರಲ್ಲಿ ಯಾರು ದೊಡ್ಡವರು ಅಂತ ಜಗಳ ನಡೆದಿತ್ತು. ನಮ್ಮಲ್ಲೂ ಆ ಹನ್ನೆರಡು ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಜಗಳ ಆಗುತ್ತದೆ. ಅಷ್ಟರ ಮಟ್ಟಿಗೆ ನಾವು ಶುಭಸಂದೇಶವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ ಅನ್ನಬಹುದು.

ಕೂತವರೆಲ್ಲ ಮನೆಯಲ್ಲೇ ಕಾಲು ಉಜ್ಜಿ ತೊಳೆದು, ಉಗುರು ಕತ್ತರಿಸಿ, ಹೊಸ ಸಾಕ್ಸ್ ಹಾಕಿಕೊಂಡು ಬಂದಿರುತ್ತಾರೆ. ಮುಜುಗರ ಆಗುತ್ತದೆ, ಪಾಪ. ಇದು ಇಂದಿನದಲ್ಲ. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿ ಇದೇ ಗುರುವಾರ ಬಡ ಹೆಂಗಸರ ಪಾದ ತೊಳೆಯುತ್ತಿದ್ದರು. ರಾಣಿ ಬರುವ ಮೊದಲೇ ಅರಮನೆಯ ಬಟ್ಟೆ ಒಗೆಯುವ ವಿಭಾಗದವರು ಒಮ್ಮೆ, ಆಮೇಲೆ ದಾನಾಧಿಕಾರಿಗಳು ಮತ್ತೆ ಮತ್ತೆ ಆ ಕಾಲು ತೊಳೆದಿರುತ್ತಿದ್ದರು. ಕೊಳೆ ತೊಳೆದವರು ಅವರು, ಪುಣ್ಯ ರಾಣಿಗೆ. ಆಮೇಲಾಮೇಲೆ ಆ ದೇಶದಲ್ಲಿ ತೊಳೆಯುವುದೇ ನಿಂತುಹೋಯಿತು. ಈಗ ಅರಸರು ಅಂದು ನಾಣ್ಯ ಹಂಚುತ್ತಾರೆ.

ಈ ವಿಧಿಯನ್ನು ನಾನು ಹೀಗಳೆಯುತ್ತಿಲ್ಲ. ಸಂಜೆಯ ಪೂಜೆಯೊಳಗೆ ಇದು ಬಂದಿದ್ದೇ 1955ರ ಸುಧಾರಣೆಯಲ್ಲಿ. ನಿಯಮದ ಪ್ರಕಾರ ಗಂಡಸರು ಮಾತ್ರ ಕೂರಬೇಕಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿಯ ಹುಡುಗ ಹುಡುಗಿಯರ ಪಾದ ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು. 2016ರಲ್ಲಿ ನಿಯಮವನ್ನೇ ತಿದ್ದಿ ಹೆಂಗಸರಿಗೂ ಜಾಗ ಮಾಡಿಕೊಟ್ಟರು. ಆ ಜೈಲಿನ ಫೋಟೊ ಜಗತ್ತೆಲ್ಲ ಓಡಾಡಿತಲ್ಲ, ಅದು ಪರವಾಗಿಲ್ಲವಾ ಅಂತ ಯಾರಾದರೂ ಕೇಳಬಹುದು. ಪೋಪ್ ಏನು ಮಾಡಿದರೂ ಅದು ಸುದ್ದಿಯೇ, ಅವರು ಬಚ್ಚಿಟ್ಟುಕೊಂಡು ಮಾಡಲು ಆಗುವುದಿಲ್ಲ. ನಮ್ಮ ಪರಿಷತ್ತಿನ ಉಪಾಧ್ಯಕ್ಷರಿಗೆ ಆ ಕಷ್ಟ ಇಲ್ಲ.

ಪಾದ ತೊಳೆಯುವುದು ಅಂದರೆ ಏನು ಅಂತ ನನಗೆ ಸ್ವಲ್ಪ ಗೊತ್ತು. ಅದು ನನ್ನ ಕೆಲಸವಾಗಿತ್ತು. ಸಕ್ಕರೆ ಕಾಯಿಲೆಯವರ ಕಾಲು ತೊಳೆಯುವಾಗ ನೀರು ಉಗುರುಬೆಚ್ಚಗಿರಬೇಕು. ಅವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಹಾಗಾಗಿ ನಮ್ಮ ಮೊಣಕೈ ಅದ್ದಿ ನೋಡಬೇಕು. ಜಾಸ್ತಿ ಹೊತ್ತು ನೆನೆಸಬಾರದು. ಬೆರಳ ಸಂದಿಯಲ್ಲಿ ಒದ್ದೆ ಉಳಿಯದ ಹಾಗೆ ಒತ್ತಿ ಒರೆಸಬೇಕು, ಉಜ್ಜಬಾರದು. ಹಿಮ್ಮಡಿ ಎತ್ತಿ ಕೆಳಗೆ ಬಿರುಕು ಇದೆಯಾ, ಬಣ್ಣ ಬದಲಾಗಿದೆಯಾ ನೋಡಬೇಕು. ಒಂದು ಸಣ್ಣ ಗುಳ್ಳೆ ಕಣ್ಣು ತಪ್ಪಿದರೆ ಕಾಲೇ ಹೋಗಬಹುದು. ಇದನ್ನೆಲ್ಲ ನೆಲದ ಮೇಲೆ ಕೂತು, ತಲೆ ತಗ್ಗಿಸಿಯೇ ಮಾಡಬೇಕು. ತಲೆ ಎತ್ತಿ ಕ್ಯಾಮೆರಾ ನೋಡಿಕೊಂಡು ಆಗುವ ಕೆಲಸವಲ್ಲ. ‘ನಾನೀಗ ನಮ್ರಳಾಗಿದ್ದೇನೆ’ ಅಂತ ಅನ್ನಿಸುವುದೂ ಇಲ್ಲ, ಅಷ್ಟು ಪುರುಸೊತ್ತು ಎಲ್ಲಿ? ಗಮನವೆಲ್ಲ ಆ ಹಿಮ್ಮಡಿಯ ಮೇಲಿರುತ್ತದೆ.

ತೊಳೆಸಿಕೊಳ್ಳುವವರ ಪಾಡು ಬೇರೆ. ಯೇಸುವಿನ ಶಿಷ್ಯ ಪೇತ್ರ ಒಪ್ಪಲೇ ಇಲ್ಲ. ನನ್ನ ಕಾಲನ್ನು ನೀವು ಎಂದಿಗೂ ತೊಳೆಯಕೂಡದು ಅಂದ. ಇದನ್ನು ನಾನು ವಾರ್ಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ! ದೊಡ್ಡ ಹುದ್ದೆಯಲ್ಲಿದ್ದವರು, ನಾಲ್ಕು ಜನಕ್ಕೆ ಕೊಟ್ಟು ಅಭ್ಯಾಸವಿದ್ದವರು ಬೆಡ್‌ಪ್ಯಾನ್ ಕೇಳಲು ನಾಚಿ ಬೆವರುತ್ತಿದ್ದರು. ಜೀವನವೆಲ್ಲ ಸೇವೆ ಮಾಡಿದ ಒಬ್ಬ ಸಿಸ್ಟರ್ ಸೊಂಟದ ಮೂಳೆ ಮುರಿದು ನಮ್ಮಲ್ಲಿ ಮಲಗಿದ್ದರು. ಸೇವೆ ಮಾಡಿಸಿಕೊಳ್ಳುವುದಕ್ಕೆ ನವಸನ್ಯಾಸದಲ್ಲಿ (ಸಿಸ್ಟರ್ ಆಗುವ ಮೊದಲಿನ ಕಲಿಕೆಯಲ್ಲಿ) ತರಬೇತಿಯನ್ನೇ ಕೊಡಲಿಲ್ಲ ನೋಡಿ ಅಂತ ನಗುತ್ತಾ, ನನ್ನ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದರು. ಕೊಡುವುದರಲ್ಲಿ ಒಂದು ಎತ್ತರ ಇದ್ದೇ ಇದೆ, ಎಷ್ಟು ಬಗ್ಗಿದರೂ. ತೆಗೆದುಕೊಳ್ಳುವವರಿಗೆ ಅದೂ ಇಲ್ಲ. ಹೊದಿಕೆ ಹಿಡಿದ ಏಳು ಜನರಿಗೆ ಇದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಕಷ್ಟ. ಒಮ್ಮೆಯಾದರೂ ಕಾಯಿಲೆ ಬಿದ್ದವರಿಗೆ ಥಟ್ಟನೆ ಅರ್ಥವಾಗುತ್ತದೆ.

ಇಷ್ಟು ಸಾಲದು ಅಂತ ಈ ವರ್ಷದಿಂದ ‘ಶ್ರೇಷ್ಠ ಸೇವಕ’ ಪ್ರಶಸ್ತಿ ಕೊಡಬೇಕು ಅಂತ ಪರಿಷತ್ತು ನಿರ್ಧರಿಸಿದೆ. ಅರ್ಜಿ ಫಾರಂ ಅಚ್ಚಾಗಿದೆ. ‘ನೀವು ಮಾಡಿದ ನಿಸ್ವಾರ್ಥ ಸೇವೆಯನ್ನು ವಿವರಿಸಿ, ಫೋಟೊ ಲಗತ್ತಿಸಿ’ ಅಂತಿದೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಫಾರಂ ನನ್ನ ಮೇಜಿನ ಮೇಲಿದೆ. ತೀರ್ಪುಗಾರರು ಯಾರು ಅಂತ ಕೇಳಿದೆ. ಹೊರಗಿನವರು ಇರುತ್ತಾರೆ ಅಂದರು. ಶಿಷ್ಯರಾದ ಯಾಕೋಬ, ಯೊವಾನ್ನ ಇಬ್ಬರೂ ಯೇಸುವಿನ ಬಲಕ್ಕೊಂದು ಎಡಕ್ಕೊಂದು ಕುರ್ಚಿ ಕೇಳಿದಾಗ ಅವರು ತೀರ್ಪುಗಾರರನ್ನು ನೇಮಿಸಲಿಲ್ಲ. ದೊಡ್ಡವನಾಗಬೇಕಾದರೆ ಸೇವಕನಾಗು ಅಂದರು. ಈಗ ಆ ಸೇವಕರಲ್ಲೂ ಶ್ರೇಷ್ಠ ಯಾರು ಅಂತ ಆರಿಸಲು ಹೊರಟಿದ್ದೇವೆ. ಏನು ಹೇಳೋಣ! ಮಹಾ ಗ್ರೆಗರಿ ಪೋಪ್ ಆಗಿದ್ದಾಗ, 590ರಿಂದ 604ರವರೆಗೆ, ತನ್ನನ್ನು ‘ದೇವರ ಸೇವಕರ ಸೇವಕ’ ಅಂತ ಕರೆದುಕೊಂಡರು. ಅದು ಈಗ ಪೋಪರ ಅಧಿಕೃತ ಬಿರುದುಗಳಲ್ಲಿ ಒಂದು. ಮನುಷ್ಯರ ಕೈಗೆ ಸಿಕ್ಕರೆ ಏನೂ ಬಿರುದಾಗಿಬಿಡುತ್ತದೆ.

ಇಷ್ಟು ಹೇಳಿದವಳು ಇನ್ನೊಂದು ಮಾತನ್ನೂ ಹೇಳಲೇಬೇಕು. ಇಲ್ಲದಿದ್ದರೆ ನನ್ನ ಈ ಪತ್ರವನ್ನು ಬೇರೆಯವರು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತಾರೆ. ಚರ್ಚಿನಲ್ಲಿ ‘ಹೆಸರಿಗೆ ಆಸೆ ಪಡಬೇಡ’ ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ನೋಡಿ. ಮೇಲಿನವರು ಕೆಳಗಿನವರಿಗೆ. ಗುಡಿಸುವವಳಿಗೆ, ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವವಳಿಗೆ, ಗಂಟೆ ಹೊಡೆಯುವವನಿಗೆ. ಸಂಬಳ ಹೆಚ್ಚಿಸಿ ಅಂದರೆ “ದೇವರ ಕೆಲಸ ಅಲ್ವಾ, ದೇವರೇ ಕೊಡ್ತಾನೆ” ಅನ್ನುತ್ತಾರೆ. ಯಾವ ದೇವರು? ಕೆಲಸದವನು ತನ್ನ ಕೂಲಿಗೆ ಅರ್ಹ ಅಂತ ಯೇಸುವೇ ಹೇಳಿದ್ದಾರೆ, ಲೂಕ 10ನೇ ಅಧ್ಯಾಯ. ಕೂಲಿಯವರಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತ ಬೈಬಲಿನ ಯಾಕೋಬನ ಪತ್ರದಲ್ಲಿದೆ. ನಮ್ರತೆ ತಾನಾಗಿ ತೊಟ್ಟುಕೊಳ್ಳುವ ಬಟ್ಟೆ, ಇನ್ನೊಬ್ಬರಿಗೆ ಬಲವಂತವಾಗಿ ತೊಡಿಸುವುದಲ್ಲ. ಯೇಸು ಮೇಲಂಗಿ ಬಿಚ್ಚಿಟ್ಟಿದ್ದು ತಮ್ಮದನ್ನು. ಅನ್ಯಾಯ ಆದಾಗ ಬಾಯಿ ಮುಚ್ಚಿಕೊಂಡಿರುವುದೇ ವಿನಯ ಅಂತ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟು ಆಗಿರುವ ಹಾನಿ ಸಣ್ಣದಲ್ಲ. ನರ್ಸುಗಳ ಹಾಸ್ಟೆಲಿನಲ್ಲಿ ಇದ್ದವಳು ನಾನು, ಎಲ್ಲ ನೋಡಿದ್ದೇನೆ.

ಕೃತಜ್ಞತೆ ಹೇಳುವುದನ್ನೂ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಪ್ರೇಷಿತ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಪೂಜೆಯಲ್ಲಿ ಓದುವುದು ಅಪರೂಪ. ಬರೀ ಹೆಸರುಗಳ ಪಟ್ಟಿ ಅಂತ ಓದುವವರಿಗೂ ಬೇಜಾರು. ಅಲ್ಲಿ ಫೊಯಿಬೆ ಇದ್ದಾಳೆ, ಪ್ರಿಸ್ಕ ಮತ್ತು ಅಕ್ವಿಲ ಇದ್ದಾರೆ, ತ್ರುಫೈನ ಮತ್ತು ತ್ರುಫೋಸ ಎಂಬ ದುಡಿಮೆಗಾರ ಹೆಂಗಸರಿದ್ದಾರೆ. ರೂಫನ ತಾಯಿ ನನಗೂ ತಾಯಿಯ ಹಾಗೆ ಅನ್ನುತ್ತಾನೆ ಪೌಲ. ಮಧ್ಯದಲ್ಲಿ ಪತ್ರ ಬರೆದುಕೊಳ್ಳುತ್ತಿದ್ದ ಗುಮಾಸ್ತ ತೆರ್ತ್ಯನೂ ತಲೆ ಹಾಕಿ, ಈ ಪತ್ರ ಬರೆದ ನಾನೂ ನಿಮಗೆ ವಂದನೆ ಹೇಳುತ್ತೇನೆ ಅನ್ನುತ್ತಾನೆ. ಪೌಲ ಅದನ್ನು ಹೊಡೆದುಹಾಕಿಸಲಿಲ್ಲ. ಆದರೆ ಇವರ್ಯಾರೂ ಫಾರಂ ತುಂಬಿದವರಲ್ಲ. ಇವರ ಕೆಲಸ ಕಂಡವನೊಬ್ಬ ಇವರನ್ನು ನೆನೆದ. ಗುಡಿಸುವವಳ ಹತ್ತಿರ ಹೋಗಿ, ಅವಳ ಹೆಸರು ಹಿಡಿದು ಕರೆದು, ಚೆನ್ನಾಗಿ ಗುಡಿಸಿದ್ದೀಯಮ್ಮ ಅಂತ ಹೇಳಲು ಯಾವ ಸಮಾರಂಭವೂ ಬೇಡ. ನಮ್ಮ ಪರಿಷತ್ತಿನಲ್ಲಿ ಎಷ್ಟು ಜನಕ್ಕೆ ಅವಳ ಹೆಸರು ಗೊತ್ತು?

ನರ್ಸ್ ಆದ ಕಾರಣ ಇನ್ನೊಬ್ಬರ ಹೆಸರು ಹೇಳಿಬಿಡುತ್ತೇನೆ. ಕುಷ್ಠರೋಗಿಗಳ ಸೇವೆ ಅಂದರೆ ಎಲ್ಲರೂ ಫಾದರ್ ಡೇಮಿಯನ್ ಹೆಸರು ಹೇಳುತ್ತಾರೆ. ಹವಾಯಿಯ ಮೊಲೊಕಾಯಿ ದ್ವೀಪಕ್ಕೆ 1873ರಲ್ಲಿ ಹೋಗಿ, ತಾವೂ ಅದೇ ರೋಗ ತಗಲಿಸಿಕೊಂಡು 1889ರಲ್ಲಿ ತೀರಿಹೋದ ಮಹಾನುಭಾವರು. ಹೇಳಬೇಕಾದ್ದೇ. ಅವರ ಕೊನೆಯ ತಿಂಗಳುಗಳಲ್ಲಿ ಆರೈಕೆ ಮಾಡಿದವರು, ಅವರ ಕೆಲಸ ಮುಂದುವರಿಸಿದವರು ಮದರ್ ಮರಿಯಾನ್ ಕೋಪ್. ಅಮೆರಿಕದಲ್ಲಿ ಆಸ್ಪತ್ರೆ ನಡೆಸುತ್ತಿದ್ದವರು. 1883ರಲ್ಲಿ ಆರು ಜನ ಸಿಸ್ಟರ್‌ಗಳ ಜೊತೆ ಹವಾಯಿಗೆ ಬಂದರು, 1888ರಲ್ಲಿ ಮೊಲೊಕಾಯಿಗೆ. 1918ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಶುಚಿತ್ವದಲ್ಲಿ ಬಹಳ ಕಟ್ಟುನಿಟ್ಟು. ಅವರ ಜೊತೆಗಿದ್ದ ಸಿಸ್ಟರ್‌ಗಳಲ್ಲಿ ಒಬ್ಬರಿಗೂ ಆ ರೋಗ ತಗಲಲಿಲ್ಲ. ಡೇಮಿಯನ್ ಅವರನ್ನು 2009ರಲ್ಲಿ, ಇವರನ್ನು 2012ರಲ್ಲಿ ಸಂತರೆಂದು ಘೋಷಿಸಿದರು. ಆದರೂ ಇವರ ಹೆಸರು ಹೇಳಿದರೆ ಜನ ಯಾರು ಅಂತ ಕೇಳುತ್ತಾರೆ. ರೋಗ ತಗಲಿ ಸತ್ತವರ ಕಥೆ ಉಳಿಯುತ್ತದೆ. ತಗಲದ ಹಾಗೆ ದಿನವೂ ನೋಡಿಕೊಂಡವರದ್ದು ಕಥೆಯೇ ಆಗುವುದಿಲ್ಲ, ಡ್ಯೂಟಿ ಅನ್ನಿಸಿಕೊಳ್ಳುತ್ತದೆ. ಅವರು ಕಥೆಗಾಗಿ ಹೋದವರೂ ಅಲ್ಲ ಬಿಡಿ.

ಸುಮ್ನೆ ದೂರು ಹೇಳಿದರೆ ಸಾಲದು ಅಂತ ಸಭೆಯಲ್ಲಿ ಒಂದು ಸಲಹೆಯನ್ನೂ ಇಟ್ಟೆ. ನನ್ನದಲ್ಲ, 6ನೇ ಶತಮಾನದ ಸಂತ ಬೆನೆಡಿಕ್ಟರದ್ದು. ತಮ್ಮ ಮಠದ ನಿಯಮಾವಳಿಯ 35ನೇ ಅಧ್ಯಾಯದಲ್ಲಿ ಅವರು ಅಡುಗೆಮನೆ ಕೆಲಸದ ಬಗ್ಗೆ ಬರೆದಿದ್ದಾರೆ. ಸಹೋದರರೆಲ್ಲ ವಾರಕ್ಕೊಬ್ಬರಂತೆ ಸರದಿಯಲ್ಲಿ ಮಾಡಬೇಕು. ಕಾಯಿಲೆಯವರು, ತಪ್ಪಿಸಲಾಗದ ಬೇರೆ ಜವಾಬ್ದಾರಿ ಇರುವವರು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಶಕ್ತಿ ಇಲ್ಲದವರಿಗೆ ಸಹಾಯಕರನ್ನು ಕೊಡಬೇಕು, ಅವರು ನೊಂದುಕೊಂಡು ಕೆಲಸ ಮಾಡುವಂತಾಗಬಾರದು. ಶನಿವಾರ ಸರದಿ ಮುಗಿಸುವವನು ಟವೆಲ್‌ಗಳನ್ನೆಲ್ಲ ಒಗೆಯಬೇಕು. ಪಾತ್ರೆಗಳನ್ನು ತೊಳೆದು, ಒಂದೂ ಒಡೆಯದ ಹಾಗೆ ಉಗ್ರಾಣದವನಿಗೆ ಒಪ್ಪಿಸಬೇಕು. ಸರದಿ ಮುಗಿಸುವವನು, ಸರದಿ ಹಿಡಿಯುವವನು ಇಬ್ಬರೂ ಸೇರಿ ಎಲ್ಲರ ಪಾದ ತೊಳೆಯಬೇಕು. ವರ್ಷಕ್ಕೊಮ್ಮೆ ಅಲ್ಲ, ವಾರವಾರ. ಸರದಿಯಲ್ಲಿ ಬಂದ ಕೆಲಸಕ್ಕೆ ಯಾರೂ ಪ್ರಶಸ್ತಿ ಕೇಳುವುದಿಲ್ಲ. ಮುಂದಿನ ವಾರ ಪಕ್ಕದವನೂ ಅದನ್ನೇ ಮಾಡುತ್ತಾನಲ್ಲ.

ನಮ್ಮಲ್ಲೂ ಹಾಗೇ ಮಾಡೋಣ ಅಂದೆ. ಗುಡಿಸುವವಳ ಕೆಲಸ, ಸಂಬಳ ಎರಡೂ ಇರಲಿ. ಅವಳ ವಾರದ ರಜೆಯ ದಿನ ಪರಿಷತ್ತಿನವರು ಸರದಿಯಲ್ಲಿ ಚರ್ಚು ಗುಡಿಸಿ ಒರೆಸಲಿ, ಶೌಚಾಲಯ ಸಮೇತ. ಹಾಸಿಗೆ ಹಿಡಿದವರ ಮನೆಗೆ ಇಬ್ಬಿಬ್ಬರಾಗಿ ಹೋಗಲಿ, ಫೋನ್ ಮನೆಯಲ್ಲಿಟ್ಟು. ಕಾಲು ತೊಳೆಯುವುದನ್ನು ಕಲಿಸಲು ನಾನು ಸಿದ್ಧ, ಮೊಣಕೈ ಅದ್ದುವುದರಿಂದ ಹಿಡಿದು.

ನಿಮ್ಮಿಂದ ಕೇಳುವುದು ಇಷ್ಟು, ಸಂಪಾದಕರೇ. ಸೇವಾ ಕಾರ್ಯಕ್ರಮದ ಸುದ್ದಿ ಹಾಕಿ, ಬೇಡ ಅನ್ನುವುದಿಲ್ಲ. ಯಾವ ಚರ್ಚಿನಿಂದ ಬಂದರೂ, ಯಾವ ಸಂಘದಿಂದ ಬಂದರೂ, ಸಹಾಯ ತೆಗೆದುಕೊಳ್ಳುವವರ ಮುಖ ಕಾಣುವ ಫೋಟೊ ಹಾಕಬೇಡಿ. ಅವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೇವೆ ಅಂತ ಯಾರಾದರೂ ಹೇಳಿದರೆ ಯಾವಾಗ ಕೇಳಿದಿರಿ ಅಂತ ವಿಚಾರಿಸಿ, ಹೊದಿಕೆ ಕೊಡುವ ಮೊದಲೋ ಕೊಟ್ಟ ಮೇಲೋ. ನಿಮ್ಮ ವರದಿಗಾರರಿಗೆ ಇದು ಒಂದು ಫೋನಿನ ಕೆಲಸ.

ಸರದಿಯ ಸಲಹೆಯನ್ನು ಯಾರೂ ವಿರೋಧಿಸಲಿಲ್ಲ. ತಾತ್ವಿಕವಾಗಿ ಒಪ್ಪಿದ್ದೇವೆ ಅಂತ ನಡಾವಳಿಯಲ್ಲಿ ಬರೆದುಕೊಂಡರು. ಮೊದಲ ವಾರಕ್ಕೆ ಯಾರ ಹೆಸರು ಅಂತ ಗುರುಗಳು ಕೇಳಿದಾಗ ಉಪಾಧ್ಯಕ್ಷರು ಗಡಿಯಾರ ನೋಡಿದರು, ಖಜಾಂಚಿಗೆ ಬೆನ್ನು ನೋವು ನೆನಪಾಯಿತು. ಗುರುಗಳು ಪಟ್ಟಿಯ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಎರಡನೇ ಸಾಲು ನಾನು ತುಂಬಿದ್ದೇನೆ. ಮೂರನೆಯದು ಈ ಪತ್ರ ಬರೆಯುವ ಹೊತ್ತಿಗೆ ಇನ್ನೂ ಖಾಲಿ ಇದೆ.

ಇತಿ,
ಒಬ್ಬ ನಿವೃತ್ತ ನರ್ಸ್
(ಹೆಸರು, ವಿಳಾಸ ಪ್ರತ್ಯೇಕವಾಗಿ ಲಗತ್ತಿಸಿದೆ)